ಖೂನಿಯಾಗದವರ ಕತೆ

ಕಲಬುರಗಿಯಿಂದ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ದಾಟಿ ಹುಮನಾಬಾದಿನ ಕಡೆ ಹೋದರೆ ಅದೇ ಹಾದಿ ಮುಂದೆ ಬಸವಕಲ್ಯಾಣ ಮುಟ್ಟಿಸುತ್ತದೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟ ಊರು. ಎಳೆಹೂಟೆ ಶಿಕ್ಷೆಗೆ ಗುರಿಯಾದ ಅಪ್ಪಂದಿರ ಹೆಸರು ನಮಗೆ ಬಾಯಿಪಾಠ. ಆ ಹುಡುಗ ಹುಡುಗಿ ತಮ್ಮೊಳಗೆ ಏನು ಮಾತಾಡಿಕೊಂಡರೋ, ಯಾರೂ ಕೇಳಿಲ್ಲ.

ನಮ್ಮ ಕಾದಂಬರಿಗಳದೂ ಹೆಚ್ಚುಕಡಿಮೆ ಇದೇ ಜಾಡು. ಅನಂತಮೂರ್ತಿಯವರ ‘ಸಂಸ್ಕಾರ’ (1965)ದಲ್ಲಿ ಶ್ರೀಪತಿ ಶಾಕುಂತಲದ ವರ್ಣನೆ ಕೇಳಿ ಮೈ ಬಿಸಿಯಾಗಿ ಬೆಳ್ಳಿಯ ಹತ್ತಿರ ಬರುತ್ತಾನೆ. ಅವಳು ಕೇರಿಗೆ ಇಲಿ ಬಂದದ್ದು, ಜನ ಸತ್ತದ್ದು ಹೇಳುತ್ತಾಳೆ. ಅವನಿಗೆ ಅವಳ ಮೈ ಬೇಕು, ಮಾತು ಬೇಡ. ಪ್ಲೇಗಿನ ಸುದ್ದಿ ಇದ್ದದ್ದು ಅವಳ ಬಾಯಲ್ಲಿ! ಅಗ್ರಹಾರದ ಧರ್ಮಸಂಕಟದ ಬಗ್ಗೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶಕರು ಈ ಮಾತಿನ ಮುಂದೆ ಎಷ್ಟು ಹೊತ್ತು ನಿಂತರು? ಕಾದಂಬರಿಕಾರರು ಶ್ರೀಪತಿಯ ಕಿವುಡನ್ನು ಕಂಡಿದ್ದಾರೆ, ಒಪ್ಪಬೇಕು. ಆದರೆ ಬೆಳ್ಳಿಯ ಗುಡಿಸಲೊಳಗೆ ಅವರ ಕಥನ ಹೆಚ್ಚು ಹೊತ್ತು ಕೂರುವುದಿಲ್ಲ.

ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಇದನ್ನು ತಲೆಕೆಳಗು ಮಾಡಿತು. ಇಲ್ಲಿ ಗಂಡು ದಲಿತ, ಓದಿದವನು, ಹೆಣ್ಣು ಮೇಲ್ಜಾತಿಯವಳು. ದೀಪದ ಜೋತಮ್ಮಗಳಿಗೂ ಮಾತು ಕೊಟ್ಟ ಕೃತಿ ಇದು. ಆದರೂ ಚೆನ್ನ ಕೊಲೆಯಾಗುತ್ತಾನೆ. ಸುಳ್ಳೇನಲ್ಲ, ಪೇಪರ್ ತೆಗೆದರೆ ಇಂದಿಗೂ ಅದೇ ಸುದ್ದಿ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994)ದಲ್ಲಿ ಮೇಲ್ಜಾತಿ ಹುಡುಗಿಯೊಂದಿಗಿನ ಕೈಗೂಡದ ಪ್ರೇಮವಿದೆ. ಆತ್ಮಕಥನ ಬರೆಯುವವನು ಬದುಕಿರಲೇಬೇಕಲ್ಲ, ಹಾಗಾಗಿ ಅಲ್ಲಿ ನೋವಿಗೆ ಸಾವಿನ ಮುಕ್ತಾಯ ಸಿಗುವುದಿಲ್ಲ. ನನಗೆ ಆ ಅಪೂರ್ಣತೆಯೇ ಹೆಚ್ಚು ಕಾಡಿತು.

ಅಂಬೇಡ್ಕರ್ 1936ರಲ್ಲೇ ಸಹಭೋಜನ ಸಾಲದು, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದರು. ಆ ಮದ್ದು ಕುಡಿದವರ ಅಡುಗೆಮನೆಗೆ ನಮ್ಮ ಸಾಹಿತ್ಯ ಕಾಲಿಟ್ಟದ್ದು ಕಡಿಮೆ. ಭಾಷೆ ಇಲ್ಲವೆಂಬ ನೆಪವೂ ಈಗ ನಡೆಯುವುದಿಲ್ಲ. ಕಲಬುರಗಿಯ ಗೀತಾ ನಾಗಭೂಷಣ ‘ಬದುಕು’ ಕಾದಂಬರಿಯಲ್ಲಿ ಈ ಸೀಮೆಯ ಮಾತನ್ನು ದುಡಿಸಿ ತೋರಿಸಿದ್ದಾರೆ.

ಕಮಲಾಪುರದಲ್ಲಿ ನನ್ನ ಗೆಳೆಯನೊಬ್ಬನ ಮನೆ. ಅವನು ನಮ್ಮವನು, ಹೆಂಡತಿ ಮೇಲಿನವರ ಮಗಳು. ಈ ಲೇಖನದ ಮಾತು ಬಂದಾಗ ಆಕೆ ರೊಟ್ಟಿ ಬಡಿಯುತ್ತಲೇ ಅಂದಳು: “ಖೂನಿ ಆದ್ರ ಬರೀತೀರಿ. ನಾವ್ ಇನ್ನಾ ಬದುಕೀವಲ್ರೀ ಅಣ್ಣಾರ, ನಮ್ದ್ಯಾರ್ ಬರೀತಾರ?”

ಆಕೆಯ ತವ್ವ ವರ್ಷಾ ಶರಣಬಸವೇಶ್ವರ ಜಾತ್ರೆಯ ನೆಪ ಮಾಡಿ ಕಲಬುರಗಿಗೆ ಬರುತ್ತಾಳಂತೆ. ಗದ್ದಲದಾಗ ಮಗಳನ್ನು ಹುಡುಕಿ, ಮೊಮ್ಮಗಳ ಕೈಗೆ ಬಳಿ ಇಡಿಸಿ, ಮಿಠಾಯಿ ಕೊಡಿಸಿ ಹೋಗುತ್ತಾಳೆ. ಕಮಲಾಪುರ ಅಲ್ಲಿಂದ ಒಂದು ತಾಸಿನ ಹಾದಿ. ಆ ಮನೆಯ ನೀರು ಆಕೆ ಇನ್ನೂ ಕುಡಿದಿಲ್ಲ.