‘ಆರು ತಿಂಗಳು’ ಎಂಬ ಸರಿಯುತ್ತರ

ಕ್ಷಯರೋಗದ ಚಿಕಿತ್ಸಾ ಮಾರ್ಗಸೂಚಿ ಫಾರ್ಮಸಿ ವಿದ್ಯಾರ್ಥಿಗಳಿಗೆ ಎಷ್ಟು ಗೊತ್ತು ಎಂದು ಅಳೆಯುವ ಪ್ರಶ್ನಾವಳಿಗಳಿಗೆ ಯೋಗ್ಯತೆಗೆ ಮೀರಿದ ಮರ್ಯಾದೆ ಸಿಗುತ್ತಿದೆ. ನಾಲ್ಕು ಆಯ್ಕೆಯ ಒಂದಿಷ್ಟು ಪ್ರಶ್ನೆ, ಕೊನೆಗೊಂದು ಶೇಕಡಾವಾರು, ಅದರ ಮೇಲೆ ‘ಅರಿವು ತೃಪ್ತಿಕರ’ ಎಂಬ ಷರಾ. ರೋಗ ಹರಡುವ ಬಗೆ, ಕಫ ಪರೀಕ್ಷೆ ಇತ್ಯಾದಿ ಪ್ರಶ್ನೆಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ‘ಹೊಸ ರೋಗಿಗೆ ಚಿಕಿತ್ಸೆ ಎಷ್ಟು ತಿಂಗಳು?’ ಎಂಬ ಪ್ರಶ್ನೆಯ ಬಗ್ಗೆ.

‘ಆರು ತಿಂಗಳು’ ಎಂದು ಟಿಕ್ ಹಾಕಿದರೆ ಅಂಕ ಸಿಗುತ್ತದೆ. ಈ ಉತ್ತರ ಕಣ್ಣೆದುರೇ ಮಾತ್ರೆ ನುಂಗಿಸುತ್ತಿದ್ದ ಹಳೆಯ ಡಾಟ್ಸ್ ಕಾಲದಲ್ಲೂ ಸರಿಯಿತ್ತು, ಈಗಲೂ ಸರಿ. ಆದರೆ ವಾರಕ್ಕೆ ಮೂರು ಸಲ ನುಂಗುತ್ತಿದ್ದ ಔಷಧವನ್ನು 2017ರಿಂದ ದಿನಾ ನುಂಗಬೇಕಾಯಿತು. ಬಿಡಿ ಮಾತ್ರೆಗಳು ಹೋಗಿ ಎಲ್ಲವೂ ಸೇರಿದ ಒಂದೇ ಬಗೆಯ ಮಾತ್ರೆ ಬಂತು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ನಾಲ್ಕೂ ಇದ್ದರೆ, ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಮಾತ್ರ ಬಿಟ್ಟುಹೋಗುತ್ತದೆ, ಎಥಾಂಬುಟಾಲ್ ಮುಂದುವರಿಯುತ್ತದೆ. ಹಳೇ ನೋಟ್ಸ್ ಉರುಹೊಡೆದವಳಿಗೂ ಹೊಸ ಮಾರ್ಗಸೂಚಿ ಓದಿದವಳಿಗೂ ಸಮಾನ ಅಂಕ ಕೊಡುವ ಪ್ರಶ್ನೆ ಯಾವ ಅರಿವನ್ನು ಅಳೆಯಿತು?

ನಲವತ್ತೆಂಟು ಕೆ.ಜಿ. ತೂಗುವ ಹೆಂಗಸೊಬ್ಬಳಿದ್ದಾಳೆ ಅನ್ನಿ. 35ರಿಂದ 49 ಕೆ.ಜಿ.ಯವರಿಗೆ ದಿನಕ್ಕೆ ಅಂಥ ಮೂರು ಮಾತ್ರೆ. ಔಷಧ ಹತ್ತಿ, ಹಸಿವು ಮರಳಿ, ಮೂರು ತಿಂಗಳಲ್ಲಿ ಅವಳು 54 ಕೆ.ಜಿ. ಆಗುತ್ತಾಳೆ. ಐದು ಕೆ.ಜಿ.ಗಿಂತ ಹೆಚ್ಚು ಏರಿ ಮೇಲಿನ ತೂಕದ ಗುಂಪಿಗೆ ಬಂದಿದ್ದರಿಂದ ಮುಂದಿನ ಸಲ ಅವಳಿಗೆ ನಾಲ್ಕು ಮಾತ್ರೆ ಸಿಗಬೇಕು. ತಕ್ಕಡಿ ಹತ್ತಿಸದೆ ಹಿಂದಿನಷ್ಟೇ ಎಣಿಸಿ ಕೊಟ್ಟರೆ ಗುಣವಾಗುತ್ತಿರುವವಳಿಗೇ ಔಷಧ ಕಡಿಮೆ ಬೀಳುತ್ತದೆ. ಮಾರ್ಗಸೂಚಿಯ ಜೀವ ಇರುವುದು ಇಂಥಲ್ಲಿ. ‘ಎಷ್ಟು ತಿಂಗಳು’ ಎಂಬ ಪ್ರಶ್ನೆ ಇದರ ಹತ್ತಿರವೂ ಸುಳಿಯುವುದಿಲ್ಲ.

ಟಿಬಿ ಔಷಧ ಸರ್ಕಾರವೇ ಉಚಿತವಾಗಿ ಕೊಡುವಾಗ ಮೆಡಿಕಲ್ ಸ್ಟೋರಿನವರಿಗೇಕೆ ಇದೆಲ್ಲ ಎನ್ನುವ ವಿಮರ್ಶಕರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಕೆಮ್ಮುವವರು ಮೊದಲು ಹೋಗುವುದು ಬಹಳ ಸಲ ಆ ಅಂಗಡಿಗೇ. ಕ್ಷಯದ ಔಷಧಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಮಾರಿದರೆ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು. 2018ರ ಅಧಿಸೂಚನೆಯ ಪ್ರಕಾರ ರೋಗಿಯ ಮಾಹಿತಿಯನ್ನೂ ವರದಿ ಮಾಡಬೇಕು. ಇನ್ನೊಂದು ಗುಂಪು ‘ಎರಡು ಉಪನ್ಯಾಸ ಹೆಚ್ಚಿಸಿ, ಸರಿಹೋಗುತ್ತದೆ’ ಎನ್ನುತ್ತದೆ. ಈ ಗುಂಪಿನೊಂದಿಗೆ ನನ್ನ ಜಗಳ ಇನ್ನೂ ಗಟ್ಟಿ. ದೆಹಲಿ, ಮುಂಬೈ, ಪಟ್ನಾಗಳ ಔಷಧ ಅಂಗಡಿಗಳಿಗೆ ರೋಗಿಗಳ ವೇಷದಲ್ಲಿ ಜನರನ್ನು ಕಳಿಸಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕಫದ ಪಾಸಿಟಿವ್ ವರದಿ ಹಿಡಿದು ಹೋದಾಗ ಸರಿಯಾದ ನಡೆ ಕಂಡದ್ದು ಶೇ. 62 ಭೇಟಿಗಳಲ್ಲಿ. ಬರೀ ಕೆಮ್ಮು, ಜ್ವರ ಎಂದಾಗ ಅದು ಶೇ. 13ಕ್ಕೆ ಇಳಿಯಿತು. ಕ್ಷಯದ ಮುಖ್ಯ ಔಷಧಗಳನ್ನು ಯಾವ ಅಂಗಡಿಯೂ ಕೊಡಲಿಲ್ಲ ಎಂಬುದು ಸಮಾಧಾನ. ಕಾಗದದ ಮೇಲೆ ‘ಟಿಬಿ’ ಎಂದಿದ್ದರೆ ಗುರುತು ಸಿಗುತ್ತದೆ, ಮನುಷ್ಯನ ಕೆಮ್ಮಿನಲ್ಲಿ ಸಿಗುವುದಿಲ್ಲ. ಪ್ರಶ್ನಾವಳಿಯೂ ಅದೇ ಕಾಗದ.

ಅಂತಿಮ ವರ್ಷದ ವಿದ್ಯಾರ್ಥಿಯನ್ನು ಕೌಂಟರಿನ ಹಿಂದೆ ನಿಲ್ಲಿಸಿ. ಮೂರು ವಾರದಿಂದ ಕೆಮ್ಮುತ್ತಿರುವವನೊಬ್ಬ ಬಂದು ‘ಒಂದು ಸಿರಪ್ ಕೊಡಿ’ ಅನ್ನಲಿ. ಕೈ ಸಿರಪ್ಪಿನ ಕಪಾಟಿನತ್ತ ಹೋಗುತ್ತದೋ, ‘ಎಷ್ಟು ದಿನದಿಂದ ಅಣ್ಣಾ?’ ಎಂಬ ಮಾತು ಬರುತ್ತದೋ, ಅದಕ್ಕೆ ಅಂಕ ಹಾಕಿ.