ವಾಕರ್‌ನ ಸುಳ್ಳು ಭರವಸೆ

ಮಗುವಿಗೆ ಆರೇಳು ತಿಂಗಳು ತುಂಬಿತೆಂದರೆ ಮನೆಗೊಂದು ವಾಕರ್ ಬರುತ್ತದೆ. ಸೋದರಮಾವನೋ ಅಜ್ಜಿಯೋ ಪ್ರೀತಿಯಿಂದ ತಂದಿರುತ್ತಾರೆ. ‘ಇದರಲ್ಲಿ ಕೂರಿಸಿ, ಬೇಗ ನಡೆಯತ್ತೆ’ ಎಂಬ ಮಾತೂ ಜೊತೆಗಿರುತ್ತದೆ. ಬೇಡವೆಂದ ಸೊಸೆ ಓದಿದ ಜಂಬದವಳು ಅನ್ನಿಸಿಕೊಳ್ಳುತ್ತಾಳೆ. ಸೊಸೆಯ ಮಾತೇ ಸರಿ.

ಏಕೆಂಬುದಕ್ಕೆ ಮೊದಲು ಒಂದು ಹಳೆಯ ಪ್ರಯೋಗ ನೋಡಿ. 1963ರಲ್ಲಿ ಪ್ರಕಟವಾದ ಅದರಲ್ಲಿ ಅಮೆರಿಕದ ಸಂಶೋಧಕರಾದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ದಿನವೂ ಸ್ವಲ್ಪ ಹೊತ್ತು ಬೆಳಕಿಗೆ ತಂದು, ತಿರುಗುವ ಅಡ್ಡಗೋಲೊಂದರ ಎರಡು ತುದಿಗೆ ಕಟ್ಟುತ್ತಿದ್ದರು. ಒಂದು ಮರಿ ತಾನೇ ನಡೆದು ಸುತ್ತು ಹಾಕುತ್ತಿತ್ತು. ಇನ್ನೊಂದು ಆ ತುದಿಯ ತೊಟ್ಟಿಯಲ್ಲಿ ಕೂತು, ಮೊದಲನೆಯದು ಎಳೆದತ್ತ ಸಾಗುತ್ತಿತ್ತು. ಎರಡಕ್ಕೂ ಕಂಡದ್ದು ಹೆಚ್ಚುಕಡಿಮೆ ಒಂದೇ. ಆದರೆ ತಗ್ಗನ್ನು ಗುರುತಿಸಿ ಹಿಂದೆ ಸರಿದದ್ದು ನಡೆದ ಮರಿ ಮಾತ್ರ. ಕೂತ ಮರಿಯ ಕಣ್ಣಿಗೇನೂ ಆಗಿರಲಿಲ್ಲ. ಹೆಜ್ಜೆಗೂ ನೋಟಕ್ಕೂ ಇರುವ ನಂಟನ್ನು ಅದರ ಮಿದುಳು ಕಲಿತಿರಲಿಲ್ಲ.

ಬೆಕ್ಕಿನ ಮರಿಯ ಮಾತು ಮಗುವಿಗೇಕೆ ಎನ್ನುವವರಿಗೆ 1999ರ ಅಧ್ಯಯನವೊಂದಿದೆ. ಸೀಗಲ್ ಮತ್ತು ಬರ್ಟನ್ ನೋಡಿದ 109 ಶಿಶುಗಳಲ್ಲಿ, ವಾಕರ್ ಬಳಸಿದವು ಕೂತದ್ದು, ಅಂಬೆಗಾಲಿಟ್ಟದ್ದು, ನಡೆದದ್ದು ಎಲ್ಲವೂ ತಡವಾಗಿ. ಬುದ್ಧಿಯ ಬೆಳವಣಿಗೆ ಅಳೆಯುವ ಪರೀಕ್ಷೆಯಲ್ಲೂ ಅವು ಹಿಂದಿದ್ದವು. ಇದೊಂದರಿಂದಲೇ ಮಗು ದಡ್ಡವಾಗುತ್ತದೆ ಎಂದು ಹೆದರಿಸುವುದು ತಪ್ಪು. ನಡಿಗೆ ಕೆಲವು ವಾರ ತಡವಾದರೆ ಆಕಾಶ ಬೀಳುವುದಿಲ್ಲ. ಆದರೆ ಬೇಗ ನಡೆಸುತ್ತೇನೆಂದು ಮಾರಾಟವಾಗುವ ವಸ್ತುವೇ ತಡಮಾಡಿದರೆ ಅದನ್ನು ಏಕೆ ಕೊಳ್ಳಬೇಕು?

ನೆಲದ ಮೇಲಿನ ಮಗುವನ್ನು ಐದು ನಿಮಿಷ ನೋಡಿ. ಉರುಳಿಹೋದ ಡಬ್ಬಿಯ ಮುಚ್ಚಳಕ್ಕೆ ಕೈ ಚಾಚುತ್ತದೆ, ಎಟಕುವುದಿಲ್ಲ. ಮೊಣಕಾಲು ಮುಂದಿಡುತ್ತದೆ, ಅಂಗೈ ಜಾರಿ ಗಲ್ಲ ನೆಲಕ್ಕೆ ಬಡಿಯುತ್ತದೆ. ಒಮ್ಮೆ ಅಮ್ಮನ ಮುಖ ನೋಡಿ, ಅಳಬೇಕೋ ಬೇಡವೋ ಎಂದು ತೀರ್ಮಾನಿಸಿ, ಮತ್ತೆ ಹೊರಡುತ್ತದೆ. ದೂರ, ತೂಕ, ಆಯ, ಪಟ್ಟು ಎಲ್ಲವೂ ಅಲ್ಲೇ ಕಲಿತಾಗುತ್ತದೆ. ವಾಕರ್‌ನಲ್ಲಿ ತುದಿಗಾಲಲ್ಲಿ ಒಮ್ಮೆ ಒದ್ದರೆ ಸಾಕು, ಗಾಲಿ ಕೋಣೆಯ ಆ ಕೊನೆಗೆ ಒಯ್ಯುತ್ತದೆ. ಅಗಲ ತಟ್ಟೆಯ ಅಡಿ ತನ್ನ ಪಾದವೇ ಮಗುವಿಗೆ ಕಾಣದು. ಹಳೆಯ ಮರದ ಮೂರು ಗಾಲಿಯ ತಳ್ಳುಗಾಡಿಯಲ್ಲಾದರೆ ಮೈಭಾರ ಹೊರುವುದು ಮಗುವಿನ ಕಾಲೇ.

ವಾಕರ್ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ, ಬಾಯಿಬಿಟ್ಟು ಹೇಳುವವರು ಕಡಿಮೆ: ಒಲೆಯ ಮುಂದಿರುವ ತಾಯಿಗೆ ಮಗುವನ್ನು ಎಲ್ಲಾದರೂ ಕೂರಿಸಬೇಕು. ಆ ಕಷ್ಟ ನಿಜ. ಆದರೆ ಮೆಟ್ಟಿಲಿಂದ ಉರುಳುವ, ಬಿಸಿ ಪಾತ್ರೆಗೆ ಕೈಹಾಕುವ ಅಪಾಯ ಹೆಚ್ಚುವುದೂ ವಾಕರ್‌ನಿಂದಲೇ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಮುಂದಿನ ಸಲ ಕೂಸಿರುವ ಮನೆಗೆ ಹೋಗುವಾಗ ಒಂದು ದಪ್ಪ ಜಮಖಾನ ಕೊಂಡೊಯ್ಯಿರಿ. ಅರ್ಧ ಗಂಟೆ ಮಗುವನ್ನೂ ನೋಡಿಕೊಳ್ಳಿ.