ಪೈನ್ ಮರದ ಹೇನು, ಅದರ ಕಾವಲು ಇರುವೆ

ಯುರೋಪಿನ ಸ್ಕಾಟ್ಸ್ ಪೈನ್ ಕಾಡಿನಲ್ಲಿ ಇರುವೆಗಳ ಸಾಲು ಹಿಡಿದು ಮರದ ಮೇಲೆ ಕಣ್ಣಾಡಿಸಿದರೆ ಸಿನಾರಾ ಕುಲದ ಸಸ್ಯಹೇನುಗಳು ಸಿಗುತ್ತವೆ. ತೊಗಟೆಯದೇ ಬಣ್ಣದ, ಉದ್ದ ಕಾಲಿನ ದಪ್ಪ ಹೇನುಗಳಿವು. ಬೆನ್ನ ಹಿಂಭಾಗದಲ್ಲಿ ಎರಡು ಕಪ್ಪು, ರೋಮಭರಿತ ಶಂಕುಗಳು ಕಂಡರೆ ಕುಲ ಬಹುಮಟ್ಟಿಗೆ ಖಚಿತ. ಪ್ರಭೇದದ ಹೆಸರು ಮಾತ್ರ ಅಷ್ಟು ಸುಲಭವಾಗಿ ಸಿಗದು. ಸಿನಾರಾ ಪೀನಿಯೋ, ಸಿನಾರಾ ಪೀನಿಯಾವೋ ಎಂದು ತೀರ್ಮಾನಿಸಲು ಹಿಂಗಾಲಿನ ರೋಮಗಳ ಉದ್ದ, ರಸ ಹೀರುವ ಮೂತಿಯ ತುದಿಯ ಅಳತೆ ಎಲ್ಲವನ್ನೂ ಸೂಕ್ಷ್ಮದರ್ಶಕದಡಿ ನೋಡಬೇಕು. ಈ ತಾಳ್ಮೆಯೇ ನನಗೆ ಅಚ್ಚುಮೆಚ್ಚು.

ಕೆಂಪು ಕಾಡಿರುವೆ ಫಾರ್ಮಿಕಾ ರೂಫಾ ಮೀಸೆಯಿಂದ ಹೇನನ್ನು ಮೆಲ್ಲಗೆ ತಟ್ಟುತ್ತದೆ. ಹೇನಿನ ಹಿಂತುದಿಯಲ್ಲಿ ಸಿಹಿದ್ರವದ ಹನಿಯೊಂದು ಉಬ್ಬುತ್ತದೆ, ಇರುವೆ ಹೀರಿಕೊಳ್ಳುತ್ತದೆ. ಪ್ರತಿಯಾಗಿ ಶತ್ರುಗಳನ್ನು ಅಟ್ಟುತ್ತದೆ. ಆದರೂ ಕಾಕ್ಸಿನೆಲ್ಲಾ ಮ್ಯಾಗ್ನಿಫಿಕಾ ಎಂಬ ಗುಲಗಂಜಿ ಹುಳು ಈ ಇರುವೆಗಳ ಗೂಡಿನ ಆಸುಪಾಸಿನಲ್ಲೇ ಬದುಕಿ ಹೇನು ತಿನ್ನುತ್ತದೆ!

ಹಾಗಾಗಿ ಹೇನಿನ ಜೊತೆಗೆ ಇರುವೆಯ ಹೆಸರು, ಮರದ ಹೆಸರು, ಕೂತಿದ್ದ ಜಾಗವನ್ನೂ ಬರೆದಿಟ್ಟವರೇ ನಿಜವಾದ ಕುಶಲಿಗರು. ಹೆಸರಿನೊಂದಿಗೆ ಸಂಬಂಧವನ್ನೂ ದಾಖಲಿಸಿದಾಗಲೇ ಗುರುತಿಸುವಿಕೆ ಪೂರ್ಣವಾಗುತ್ತದೆ.